ಹಳೆಯ ಆಟವೂ ಹೊಸ ಪೆಟ್ಟಿಗೆಯೂ

ಈ ಲೇಖನವು ಟೆಲಿವಿಷನ್ನಿಗೆ ಸಿಕ್ಕಿಸಿ ಆಡುವ ಒಂದು ಹಳೆಯ ಆಟದ ಯಂತ್ರವನ್ನು ಕುರಿತದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಕೇಳಿ ವಾಚಕರಲ್ಲಿ ಕೆಲವರು ಪುಟ ಮಗುಚಿಯಾರು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವುದಾದರೆ ಸಾಹಿತ್ಯವಿದೆ, ಚರಿತ್ರೆಯಿದೆ, ಸಮಾಜದ ನೂರು ಸಮಸ್ಯೆಗಳಿವೆ, ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿಗೆ ಮಕ್ಕಳಾಟಿಕೆಯ ವಿಷಯವೇ ಬೇಕಾಯಿತೆ ಎಂದು ನನ್ನ ಗೆಳೆಯರೇ ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಒಂದು ಯಂತ್ರದ ತಪ್ಪನ್ನು ಒಬ್ಬ ಮನುಷ್ಯನು ತನ್ನ ತಲೆಯ ಮೇಲೆ ಹಾಕಿಕೊಂಡು ಮೂರು ತಿಂಗಳು ಸುಮ್ಮನಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಮಕ್ಕಳಾಟಿಕೆಯೆಂದು ನನಗೆ ತೋರುವುದಿಲ್ಲ.

ಆ ಮನುಷ್ಯ ನನ್ನ ಸೋದರಮಾವ. ಏಳನೆಯ ತರಗತಿಗೆ ಶಾಲೆ ಬಿಟ್ಟು, 1990ರಲ್ಲಿ, ಹದಿಮೂರನೆಯ ವಯಸ್ಸಿಗೆ ಬೊಂಬಾಯಿಯ ಹೋಟೆಲೊಂದರಲ್ಲಿ ತಟ್ಟೆ ತೊಳೆಯಲು ಹೋದವರು. ಕೋಟ, ಸಾಲಿಗ್ರಾಮ, ಕುಂದಾಪುರ ಕಡೆಯ ಎಷ್ಟು ಮನೆಗಳ ಒಲೆ ಆ ಹೋಟೆಲುಗಳ ಒಲೆಯಿಂದ ಉರಿದಿದೆಯೆಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ತಟ್ಟೆಯಿಂದ ಮೇಜಿಗೆ, ಮೇಜಿನಿಂದ ಗಲ್ಲಾಕ್ಕೆ ಅವರು ಏರುವಷ್ಟರಲ್ಲಿ ಏಳು ವರ್ಷ ಕಳೆದಿತ್ತು. 1997ರ ದೀಪಾವಳಿಗೆ ಊರಿಗೆ ಬಂದಾಗ ಅಜ್ಜಿಗೆ ಸೀರೆ, ನನ್ನ ಅಮ್ಮನಿಗೆ ಒಂದು ಗೋಡೆ ಗಡಿಯಾರ, ತನಗಾಗಿ ಒಂದು ‘ಟಿ.ವಿ. ಗೇಮ್’ ತಂದರಂತೆ. ಕೊಂಕಣ ರೈಲು ಪೂರ್ತಿ ಓಡಲು ತೊಡಗಿದುದು 1998ರಲ್ಲಿ. ಆದುದರಿಂದ ಆ ಯಂತ್ರವು ಬಸ್ಸಿನಲ್ಲಿ ಮಾವನ ತೊಡೆಯ ಮೇಲೆ ಕುಳಿತು ಕೋಟಕ್ಕೆ ಬಂದದ್ದು. ಆಗ ಅವರಿಗೆ ಇಪ್ಪತ್ತು ವರ್ಷ. ನನಗೀಗ ಅಷ್ಟೇ ವಯಸ್ಸು. ತನ್ನ ದುಡಿಮೆಯಲ್ಲಿ ತನಗೆಂದೇ ಅವರು ಕೊಂಡ ಮೊದಲ ವಸ್ತು ಅದು. ಬಹುಶಃ ಕೊನೆಯದೂ ಅದೇ. ಆಮೇಲೆ ಕೊಂಡದ್ದೆಲ್ಲ ಮನೆಗೆ.

ಆ ಯಂತ್ರದ ಮೂಲ ಜಪಾನಿನದು. ನಿಂಟೆಂಡೋ ಎಂಬ ಕಂಪೆನಿ 1983ರ ಜುಲೈ 15ರಂದು ‘ಫ್ಯಾಮಿಕಾಂ’ ಎಂಬ ಆಟದ ಯಂತ್ರವನ್ನು ಮಾರಾಟಕ್ಕೆ ತಂದಿತು. ಮುಂದೆ ಪೂರ್ವದೇಶಗಳ ಕಾರ್ಖಾನೆಗಳು ಅದರ ನಕಲುಗಳನ್ನು ಮಾಡಿ ಲೋಕದ ಬಡ ದೇಶಗಳಿಗೆಲ್ಲ ಹಂಚಿದವು. ನಮ್ಮ ದೇಶದಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ 1990ರ ದಶಕದಲ್ಲಿ ಕಾಣುತ್ತಿದ್ದವುಗಳಲ್ಲಿ ಹೆಚ್ಚಿನವು ಈ ನಕಲುಗಳೇ. ಮಾವನದೂ ಅಂಥದೇ: ಬಿಳಿ ಪೆಟ್ಟಿಗೆ, ಎರಡು ಹಿಡಿಕೆ, ಒಂದು ಪ್ಲಾಸ್ಟಿಕ್ ಬಂದೂಕು, ‘9999’ ಆಟಗಳಿವೆಯೆಂದು ಮೇಲೆ ಬರೆದ ಒಂದು ಹಳದಿ ಕ್ಯಾಸೆಟ್ಟು. ಒಳಗೆ ನಿಜವಾಗಿ ಇದ್ದವು ಹತ್ತು ಹದಿನೈದು. ಉಳಿದವು ಅವೇ ಹೆಸರು ಬದಲಿಸಿ ಬಂದವು. ಮಾರಿಯೋ ಇತ್ತು, ಕಾಂಟ್ರಾ ಇತ್ತು, ಬಾತುಕೋಳಿಯ ಬೇಟೆ ಇತ್ತು. ನಾನೂ ಚಿಕ್ಕಂದಿನಲ್ಲಿ ಅಜ್ಜಿಮನೆಯ ಇಪ್ಪತ್ತೊಂದು ಇಂಚಿನ ಟಿ.ವಿ.ಯಲ್ಲಿ ಅದನ್ನು ಆಡಿ ಬೆಳೆದವನು. ಮಾವ ರಜೆಗೆ ಬಂದಾಗ ಮಾತ್ರ ಆಟದ ನಿಜವಾದ ಬೆಡಗು ಕಾಣುತ್ತಿತ್ತು. ಅವರು ಮಾರಿಯೋನನ್ನು ಓಡಿಸಿದರೆ ನಿಲ್ಲಿಸುವುದೆಂಬುದೇ ಇರಲಿಲ್ಲ.

2020ರಲ್ಲಿ ಊರೂರಿಗೆ ಬೀಗ ಬಿದ್ದಾಗ ಹೋಟೆಲಿಗೂ ಬಿತ್ತು. ಮಾವ ಊರಿಗೆ ಬಂದರು, ಮತ್ತೆ ಹೋಗಲಿಲ್ಲ. ಈಗ ಗೂಡ್ಸ್ ರಿಕ್ಷಾ ಓಡಿಸುತ್ತಾರೆ. 2023ರಲ್ಲಿ ಕಂತಿನಲ್ಲಿ ಒಂದು ಎಲ್.ಇ.ಡಿ. ಟಿ.ವಿ. ಬಂತು, ಹಳೆಯ ಡಬ್ಬವನ್ನು ಗುಜರಿಯವನು ನೂರೈವತ್ತು ರೂಪಾಯಿಗೆ ಎತ್ತಿಕೊಂಡು ಹೋದ. ಆ ದಿನ ಯಾರೂ ಆಟದ ಯಂತ್ರವನ್ನು ನೆನೆಯಲಿಲ್ಲ.

ಕಳೆದ ಮಳೆಗಾಲದಲ್ಲಿ, ಬಾಡಿಗೆಯಿಲ್ಲದ ಒಂದು ಸಂಜೆ, ಮಾವ ಟ್ರಂಕಿನಿಂದ ಅದನ್ನು ತೆಗೆದರು. ಹೊಸ ಟಿ.ವಿ.ಯ ಹಿಂದೆ ಹಳದಿ ತೂತೇ ಇಲ್ಲ. ಅದರ ಬದಲು ಒಂದು ಸಣ್ಣ ತೂತು. ಅದಕ್ಕೆ ಬೇರೆ ತಂತಿ ತರಬೇಕು. ನಾನು ಕುಂದಾಪುರದಿಂದ ತಂದೆ. ಚಿತ್ರ ಬಂತು, ಆದರೆ ಅದನ್ನು ಚಿತ್ರವೆಂದು ಕರೆಯಲು ಮನಸ್ಸು ಬರಲಿಲ್ಲ. ಮಾರಿಯೋ ಅಗಲವಾಗಿ, ಹಲಸಿನ ಹಣ್ಣಿನ ಹಾಗೆ ಊದಿಕೊಂಡಿದ್ದ. ಓಡುವಾಗ ಅವನ ಅಂಚುಗಳು ಬಾಚಣಿಗೆಯ ಹಲ್ಲುಗಳಂತೆ ಸೀಳುತ್ತಿದ್ದವು. ಅದೂ ಹೋಗಲಿ. ಮೊದಲ ಹಂತದಲ್ಲಿ ನಾಲ್ಕು ಕೊಳವೆಗಳನ್ನು ದಾಟಿದ ಮೇಲೆ ಒಂದು ಹೊಂಡವಿದೆ. ಮಾವ ಕಣ್ಣುಮುಚ್ಚಿ ಹಾರುತ್ತಿದ್ದ ಹೊಂಡ. ಅದರಲ್ಲಿ ಬಿದ್ದರು. ಮತ್ತೆ ಬಿದ್ದರು. ಐದಾರು ಸಲ ಬಿದ್ದ ಮೇಲೆ ಹಿಡಿಕೆಯನ್ನು ಮೆಲ್ಲನೆ ಕೆಳಗಿಟ್ಟು, “ಕೈ ಹಳತ್ ಆಯ್ತ್ ಮಾರಾಯ” ಎಂದರು. ನಕ್ಕೇ ಹೇಳಿದರು. ಆದರೆ ಮಾರನೆಯ ದಿನ ಯಂತ್ರ ಟ್ರಂಕಿಗೆ ಹೋಯಿತು. ರಿಕ್ಷಾ ಓಡಿಸುವವನ ಬಾಯಲ್ಲಿ ಆ ಮಾತು ಅಷ್ಟು ಹಗುರವಾದದ್ದಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಅವರು ರಾತ್ರಿಯ ಬಾಡಿಗೆ ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದರು.

ನಾನು ಕಲಾವಿಭಾಗದವನು, ವಿದ್ಯುತ್ತಿನ ಶಾಸ್ತ್ರ ನನಗೆ ತಿಳಿಯದು. ಆದರೂ ಈ ವಿಷಯವನ್ನು ಸಿಕ್ಕಸಿಕ್ಕಲ್ಲಿ ಓದಿ, ಟಿ.ವಿ. ರಿಪೇರಿಯವರನ್ನು ಕಾಡಿ, ನನ್ನ ಬುದ್ಧಿಗೆ ಎಟುಕಿದಷ್ಟನ್ನು ಸಂಗ್ರಹಿಸಿದೆ. ಅದನ್ನು ಗದ್ದೆಯ ಭಾಷೆಯಲ್ಲಿ ಹೇಳುತ್ತೇನೆ.

ನಮ್ಮ ದೇಶದ ಹಳೆಯ ಟಿ.ವಿ.ಯ ಚಿತ್ರವೆಂದರೆ 625 ಸಾಲುಗಳು. ಕೊಳವೆಯೊಳಗಿನ ಕಿರಣವು ಈ ಸಾಲುಗಳನ್ನು ಒಂದೇ ಉಸಿರಿಗೆ ಎಳೆಯುವುದಿಲ್ಲ. ಮೊದಲು ಒಂದು ಬಿಟ್ಟು ಒಂದು ಸಾಲು ನೆಡುತ್ತ ಗದ್ದೆಯ ಕೊನೆಗೆ ಹೋಗುತ್ತದೆ. ಹಿಂದಿರುಗಿ ಬಂದು ಬಿಟ್ಟ ಸಾಲುಗಳನ್ನು ನೆಡುತ್ತದೆ. ಒಂದೊಂದು ಸುತ್ತಿಗೆ ಮುನ್ನೂರ ಹನ್ನೆರಡೂವರೆ ಸಾಲು, ಸೆಕೆಂಡಿಗೆ 50 ಸುತ್ತು. ಆ ಅರ್ಧ ಸಾಲಿನಲ್ಲಿಯೇ ಗುಟ್ಟಿರುವುದು. ಅದರಿಂದಲೇ ಎರಡನೆಯ ಸುತ್ತು ಮೊದಲನೆಯದರ ಎಡೆಯಲ್ಲಿ ಬೀಳುತ್ತದೆ. ಆಟದ ಯಂತ್ರ ಮಾಡಿದವರು ಇಲ್ಲಿ ಒಂದು ಜಾಣತನ ಮಾಡಿದರು. ಅರ್ಧ ಸಾಲನ್ನು ಕೈಬಿಟ್ಟು ಸುತ್ತಿಗೆ ಪೂರಾ 312 ಸಾಲು ಕಳಿಸಿದರು. ಆಗ ಪ್ರತಿ ಸುತ್ತೂ ಅದೇ ಸಾಲಿನ ಮೇಲೆಯೇ ಬೀಳುತ್ತದೆ, ಎಡೆ ಸಾಲುಗಳು ಕಪ್ಪಾಗಿ ಉಳಿಯುತ್ತವೆ, ಚಿತ್ರ ಅಲುಗಾಡದೆ ನಿಲ್ಲುತ್ತದೆ. ಕೊಳವೆಯ ಟಿ.ವಿ. ಪಾಪದ ಜೀವ, ಅದು ಪ್ರಶ್ನೆ ಕೇಳುವುದಿಲ್ಲ, ಹೇಳಿದಲ್ಲಿ ನೆಡುತ್ತದೆ.

ಹೊಸ ಟಿ.ವಿ. ಹಾಗಲ್ಲ, ಅದು ಓದಿಕೊಂಡದ್ದು. ಹಳದಿ ತಂತಿಯಲ್ಲಿ ಏನೇ ಬಂದರೂ ಇದು ಎರಡು ಅರ್ಧಗಳ ಒಂದು ಚಿತ್ರವೆಂದು ತನ್ನಷ್ಟಕ್ಕೆ ತೀರ್ಮಾನಿಸಿ, ಒಂದು ಸುತ್ತನ್ನು ಇನ್ನೊಂದರೊಳಗೆ ಹೆಣೆಯಲು ಕುಳಿತುಕೊಳ್ಳುತ್ತದೆ. ಬೇರೆ ಬೇರೆ ಗಳಿಗೆಯ ಎರಡು ಪೂರ್ಣ ಚಿತ್ರಗಳನ್ನು ಒಂದರೊಳಗೊಂದು ಹೆಣೆದರೆ ಅಂಚು ಬಾಚಣಿಗೆಯಾಗದೆ ಇನ್ನೇನಾದೀತು? ಹೆಣೆಯಲು ಮೊದಲು ಚಿತ್ರಗಳನ್ನು ಕೂಡಿಟ್ಟುಕೊಳ್ಳಬೇಕು. ಆಮೇಲೆ ಹಿಗ್ಗಿಸಬೇಕು, ಬಣ್ಣ ತಿದ್ದಬೇಕು, ನುಣುಪು ಮಾಡಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಆಟ ಮುಂದೆ ಹೋಗಿರುತ್ತದೆ.

ಎಷ್ಟು ಮುಂದೆ? ಇದನ್ನು ಅಳೆಯಬೇಕೆನಿಸಿತು. ನನ್ನ ಸಹಪಾಠಿಯೊಬ್ಬನ ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಅನುಕೂಲವಿದೆ. ಹಿಡಿಕೆಯ ಗುಂಡಿ ಒತ್ತುವ ಹೆಬ್ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಹಿಡಿದು ತೆಗೆದೆವು. ಬೆರಳು ಒತ್ತಿದ ಚಿತ್ರದಿಂದ ಮಾರಿಯೋನ ಕಾಲು ನೆಲ ಬಿಟ್ಟ ಚಿತ್ರದವರೆಗೆ ಎಣಿಸಿದಾಗ ಸುಮಾರು 33 ಬಂದವು. ಮುಂದೆ ಹೇಳಲಿರುವ ಕೊಳವೆಯ ಟಿ.ವಿ.ಯಲ್ಲಿ ಅದೇ ರೀತಿ ಎಣಿಸಿದಾಗ ಸುಮಾರು 8. ಅಂತರ 25 ಚಿತ್ರ. ಎಂದರೆ ಸೆಕೆಂಡಿನ ಹತ್ತನೆಯ ಒಂದು ಪಾಲು. ಇದೇನು ಮಹಾ ಎನ್ನಬಹುದು. ಆದರೆ ಆಟ ಆ ಹೊತ್ತಿನಲ್ಲಿ ಐದು ಸುತ್ತು ಮುಂದೆ ಹೋಗುತ್ತದೆ. ಪೂರ್ಣ ವೇಗದಲ್ಲಿ ಓಡುವ ಮಾರಿಯೋ ಸುತ್ತಿಗೆ ಎರಡೂವರೆ ಚುಕ್ಕೆಯಷ್ಟು ಮುಂದಕ್ಕೆ ಸರಿಯುತ್ತಾನೆ. ಐದು ಸುತ್ತಿಗೆ ಹನ್ನೆರಡು ಚುಕ್ಕೆ. ಅವನ ಮೈಯ ಅಗಲವೇ ಹದಿನಾರು. ಹೊಂಡದ ಅಂಚಿನಲ್ಲಿ ನಿಂತು ಹಾರುವವನಿಗೆ ತನ್ನ ಮೈಯ ಮುಕ್ಕಾಲು ಅಗಲದಷ್ಟು ನೆಲ ಸುಳ್ಳು ಹೇಳಿದರೆ ಬೀಳದೆ ಏನು ಮಾಡಿಯಾನು? ಮಾವನ ಕೈ ಇಪ್ಪತ್ತೇಳು ವರ್ಷಗಳ ಹಿಂದೆ ಕಲಿತ ಗಳಿಗೆಗೇ ಗುಂಡಿಯನ್ನು ಒತ್ತುತ್ತಿತ್ತು. ಅದು ಹಳತಾದ ಕೈಯಲ್ಲ, ನೆನಪು ಚೆನ್ನಾಗಿದ್ದ ಕೈ.

ಇದರಲ್ಲಿ ನನಗೆ ನಮ್ಮ ಬಯಲಾಟದ ನೆನಪಾಗುತ್ತದೆ. ಕಾರಂತರು ಹುಟ್ಟಿದ ಊರಿನವರಾದ ನಮಗೆ ಯಕ್ಷಗಾನದ ವಿಷಯದಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಅಭಿಪ್ರಾಯ ಉಂಟು; ಆದುದರಿಂದ ನನ್ನದನ್ನೂ ಸಹಿಸಬೇಕು. ಮರದ ತುಂಡಿನ ಮೇಲೆ ಬೇಗಡೆ ಅಂಟಿಸಿದ ಭುಜಕೀರ್ತಿ, ಎದೆಪದಕ, ಕೆಂಪು ಕಪ್ಪು ಬಣ್ಣದ ಮುಖ, ಮುಂಡಾಸಿನ ಜರಿ, ಇವೆಲ್ಲ ದೊಂದಿಯ ಬೆಳಕಿನಲ್ಲಿ ಹುಟ್ಟಿದವು. ಉರಿ ಅಲುಗಿದಂತೆ ಬೇಗಡೆ ಮಿನುಗಿ, ಅರ್ಧ ಮುಖ ಕತ್ತಲೆಯಲ್ಲಿದ್ದಾಗ ರಾಕ್ಷಸನು ರಾಕ್ಷಸನಾಗುತ್ತಾನೆ. ಗ್ಯಾಸ್‌ಲೈಟ್ ಬಂತು, ಆಮೇಲೆ ಕೊಳವೆದೀಪ ಬಂತು. ಅದೇ ವೇಷವನ್ನು ಹಗಲಿನಂಥ ಬೆಳಕಿಗೆ ನಿಲ್ಲಿಸಿ, ಮರ ಮರದ ಹಾಗೆ ಕಾಣುತ್ತದೆಂದು ವೇಷಧಾರಿಯನ್ನು ದೂರುವುದುಂಟು. ಆಟದ ಚಿತ್ರಗಳ ಕಥೆಯೂ ಇಷ್ಟೇ. ಅವುಗಳನ್ನು ಬರೆದವರು ಕೊಳವೆಯ ಟಿ.ವಿ.ಯ ಮುಂದೆ ಕುಳಿತೇ ಬರೆದರು. ಸೆಗಾ ಕಂಪೆನಿಯ 1991ರ ‘ಸೋನಿಕ್’ ಆಟದಲ್ಲಿ ಜಲಪಾತವಿದೆ. ಅದು ಬಿಟ್ಟು ಬಿಟ್ಟು ಎಳೆದ ಗೆರೆಗಳಷ್ಟೆ. ಹಳದಿ ತಂತಿಯಲ್ಲಿ ಬೆಳಕೂ ಬಣ್ಣವೂ ಕಲೆತು ಬರುವುದರಿಂದ ಗೆರೆಗಳು ಒಂದರೊಳಗೊಂದು ಕರಗಿ ನೀರಿನ ತೆರೆಯಂತೆ ತೋರುತ್ತವೆ. ತಂತಿಯ ದೋಷವನ್ನೇ ಬಣ್ಣದ ಕುಂಚ ಮಾಡಿಕೊಂಡ ಕಲಾವಿದರನ್ನು ನಾನು ಮೆಚ್ಚುತ್ತೇನೆ. ಹೊಸ ಪರದೆಯಲ್ಲಿ ಅಚ್ಚುಕಟ್ಟಾಗಿ ತೋರಿಸಿದರೆ ಅದು ನೀರಲ್ಲ, ಬಿದಿರಿನ ತಟ್ಟಿ.

ಇದಕ್ಕೆ ಪರಿಹಾರವಿಲ್ಲವೆ? ಎರಡು ಬಗೆಯ ಪರಿಹಾರಗಳು ಪೇಟೆಯಲ್ಲಿವೆ, ಎರಡರ ಬೆಲೆಯ ನಡುವೆ ಸಮುದ್ರವಿದೆ. ಒಂದು, ಕೆಲವು ನೂರು ರೂಪಾಯಿಗೆ ಸಿಗುವ ಬೆಂಕಿಪೆಟ್ಟಿಗೆಯಂಥ ಪೆಟ್ಟಿಗೆ: ಒಂದು ಕಡೆ ಹಳದಿ, ಬಿಳಿ, ಕೆಂಪು ತೂತುಗಳು, ಇನ್ನೊಂದು ಕಡೆ ಎಚ್.ಡಿ.ಎಂ.ಐ. ಮೇಲೆ 720, 1080 ಎಂದು ಒಂದು ಗುಂಡಿ. ನಾನು ಟ್ಯೂಷನ್ ಹೇಳಿ ಗಳಿಸಿದ ಹಣದಿಂದ ಒಂದನ್ನು ತರಿಸಿದೆ. ಟಿ.ವಿ. ಮಾಡುತ್ತಿದ್ದ ತಪ್ಪನ್ನೇ ಇದು ಟಿ.ವಿ.ಯ ಹೊರಗೆ ಮಾಡಿತು. ಅದೇ ಬಾಚಣಿಗೆ, ಅದೇ ಹಲಸಿನ ಹಣ್ಣು. ಎಣಿಸಿದರೆ 31 ಚಿತ್ರ. ಟಿ.ವಿ.ಯ ಪಟ್ಟಿಯಲ್ಲಿ ‘ಗೇಮ್’ ಎಂಬ ಆಯ್ಕೆಯನ್ನು ಹುಡುಕಿ ಒತ್ತಿದ ಮೇಲೆ ಕೊಂಚ ಇಳಿಯಿತು. ಈ ಆಯ್ಕೆಯನ್ನು ಒತ್ತಲು ದುಡ್ಡು ಬೇಡ. ಹಳೆಯ ಆಟ ಇಟ್ಟುಕೊಂಡ ವಾಚಕರು ಮೊದಲು ಅದನ್ನೇ ಮಾಡಲಿ.

ಇನ್ನೊಂದು ಬಗೆಯದು ನಿಜವಾದ ಸ್ಕೇಲರ್. ಇದು ಸಾಲುಗಳನ್ನು ಎಣಿಸುತ್ತದೆ, ಅರ್ಧ ಸಾಲು ಇದೆಯೆ ಇಲ್ಲವೆ ಎಂದು ನೋಡುತ್ತದೆ, ಇಲ್ಲವಾದರೆ ಹೆಣೆಯುವ ಗೋಜಿಗೆ ಹೋಗುವುದಿಲ್ಲ. ಆಟದ ಚಿತ್ರ 240 ಸಾಲಿನದು. ಅದನ್ನು 720 ಸಾಲಿನ ಪರದೆಗೆ ಒಯ್ಯಬೇಕಾದರೆ ಪ್ರತಿ ಸಾಲನ್ನೂ ಮೂರು ಸಲ ಬರೆದರಾಯಿತು. 2160 ಸಾಲಿನ ದೊಡ್ಡ ಪರದೆಗೆ ಒಂಬತ್ತು ಸಲ. ನಡುವಿನ 1080ಕ್ಕೆ ಮಾತ್ರ ನಾಲ್ಕೂವರೆ ಸಲವೆಂದು ಲೆಕ್ಕ ಬರುತ್ತದೆ. ಅರ್ಧ ಸಾಲು ಬರೆಯುವುದೆಲ್ಲಿ? ನಾಲ್ಕು ಸಲ ಬರೆದು ಸುತ್ತ ಕಪ್ಪು ಅಂಚು ಬಿಡಬೇಕು, ಇಲ್ಲವೆ ಐದು ಸಲ ಬರೆದು ಮೇಲೆ ಕೆಳಗೆ ಕತ್ತರಿಸಬೇಕು. ನಮ್ಮ ಮನೆಗಳಿಗೆ ಬಂದ ಟಿ.ವಿ.ಗಳಲ್ಲಿ ಎಷ್ಟೋ 1080ರವೇ ಆಗಿರುವುದು ಒಂದು ತಮಾಷೆ.

ಈ ಕೆಲಸದಲ್ಲಿ ಹೆಸರಾದವರು ದೊಡ್ಡ ಟಿ.ವಿ. ಕಂಪೆನಿಗಳಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಜಪಾನಿನ ಮೈಕಾಂಸಾಫ್ಟ್ ಎಂಬ ಚಿಕ್ಕ ಸಂಸ್ಥೆ ‘ಫ್ರೇಮ್‌ಮೈಸ್ಟರ್’ ಮಾಡಿತು. ಫಿನ್ಲೆಂಡಿನ ಮಾರ್ಕುಸ್ ಹೀಯೆನ್‌ಕಾರಿ ಎಂಬವರು ‘ಓ.ಎಸ್.ಎಸ್.ಸಿ.’ ಎಂಬುದನ್ನು ರೂಪಿಸಿ, ಅದರ ನಕ್ಷೆಯನ್ನೂ ಲಿಪಿಯನ್ನೂ ಯಾರು ಬೇಕಾದರೂ ನೋಡಿ ಮಾಡಿಕೊಳ್ಳುವಂತೆ ಬಯಲಿಗಿಟ್ಟರು. ಇದು ಇಡೀ ಚಿತ್ರವನ್ನು ಕೂಡಿಡುವುದೇ ಇಲ್ಲ; ಒಂದು ಸಾಲು ಬಂದ ಹಾಗೆ ಅದನ್ನು ಹೆಚ್ಚಿಸಿ ಮುಂದೆ ಕಳಿಸಿಬಿಡುತ್ತದೆ, ಆದುದರಿಂದ ವಿಳಂಬ ಎಂಬುದು ಇಲ್ಲವೆನ್ನುವಷ್ಟು ಕಡಮೆ. ಓದಿ ಕುಣಿದಾಡಿದೆ. ಮುಂದಿನ ಪುಟದಲ್ಲಿ ನಿರಾಶೆ ಕಾದಿತ್ತು: ಅದು ಹಳದಿ ತಂತಿಯನ್ನು ಮುಟ್ಟುವುದಿಲ್ಲ, ಬಣ್ಣಗಳು ಬೇರೆ ಬೇರೆಯಾಗಿ ಬರುವ ತಂತಿಯೇ ಬೇಕು. ನಮ್ಮ ನಕಲು ಯಂತ್ರಕ್ಕೆ ಇರುವುದು ಹಳದಿ ಒಂದೇ. ಅಮೆರಿಕದ ಮೈಕ್ ಚೀ ಎಂಬವರ ‘ರೆಟ್ರೋಟಿಂಕ್’ ಪೆಟ್ಟಿಗೆಗಳಲ್ಲಿ ಹಳದಿ ತಂತಿಗೂ ಸ್ಥಾನವಿದೆ. 2023ರಲ್ಲಿ ಬಂದ ಅವರ ‘4ಕೆ’ ಎಂಬ ಮಾದರಿ ಕೊಳವೆಯ ಟಿ.ವಿ.ಯ ಕಪ್ಪು ಎಡೆ ಸಾಲುಗಳನ್ನೂ ಬೆಳಕಿನ ಚುಕ್ಕೆಗಳನ್ನೂ ಅಣಕಿಸಿ ತೋರಿಸಬಲ್ಲದು. ಬೆಲೆ 750 ಡಾಲರು. ಅರವತ್ತು ಸಾವಿರ ರೂಪಾಯಿಗೂ ಮೇಲಾಯಿತು. ನನ್ನ ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುವವಳು. ಆ ಮೊತ್ತವನ್ನು ಅವಳ ಮುಂದೆ ಹೇಳಲು ನನಗೆ ನಾಲಗೆ ಏಳಲಿಲ್ಲ. ಟ್ಯೂಷನ್ ಹಣದ ಪೆಟ್ಟಿಗೆಗೇ ಅವಳು, “ನಿನ್ನ್ ಕಾಲೇಜಿಗ್ ಕಳ್ಸದ್ ಇದಕ್ಕಾ?” ಎಂದಾಗಿತ್ತು.

ಇಲ್ಲಿ ನನ್ನ ಗೆಳೆಯರ ಆಕ್ಷೇಪವನ್ನು ಎತ್ತಿಕೊಳ್ಳಬೇಕು. ಇಷ್ಟೆಲ್ಲ ಏಕೆ, ಅದೇ ಮಾರಿಯೋ ಮೊಬೈಲಿನಲ್ಲಿ ಸಿಗುತ್ತಾನಲ್ಲ ಎನ್ನುತ್ತಾರೆ. ನಿಜ. ಹಳೆಯ ಯಂತ್ರವನ್ನು ಗಣಕದೊಳಗೆ ಅನುಕರಿಸುವ ವಿದ್ಯೆ ಬಹಳ ಮುಂದುವರಿದಿದೆ. ನಿಂಟೆಂಡೋ ಕಂಪೆನಿಯೇ 2016ರಲ್ಲಿ 30 ಆಟಗಳ ಒಂದು ಪುಟಾಣಿ ಯಂತ್ರವನ್ನು ಎಚ್.ಡಿ.ಎಂ.ಐ. ಸಮೇತ ಮಾರಿತು. ಆಟಗಳು ಅಳಿಯದಂತೆ ಉಳಿಸಲು ಇದು ಬೇಕೇ ಬೇಕು. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲವೆಂದು ಅಲ್ಲಿನ ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್’ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಆದರೆ ಗೆಳೆಯರ ಮಾತಿನಲ್ಲಿ ಒಂದು ಕೊರತೆ ಉಂಟು. ಮಾವನ ಮುಂದೆ ಮೊಬೈಲು ಹಿಡಿದೆ. ಗಾಜಿನ ಮೇಲೆ ಬೆರಳು ಜಾರಿಸಿ ಎರಡು ನಿಮಿಷ ನೋಡಿ, “ಚಂದ ಇತ್ತ್” ಎಂದು ಹಿಂದೆ ಕೊಟ್ಟರು. ಅವರಿಗೆ ಬೇಕಾದುದು ಮಾರಿಯೋ ಅಲ್ಲ. 1997ರಲ್ಲಿ ತಾನು ಕೊಂಡದ್ದು ಇನ್ನೂ ಕೆಲಸ ಮಾಡುತ್ತದೆಂಬುದು ಬೇಕಾಗಿತ್ತು.

ಕೊಳವೆಯ ಟಿ.ವಿ. ಸಿಕ್ಕಿದ್ದು ಪಡುಕೆರೆಯ ಹಾದಿಯಲ್ಲಿ, ನಮ್ಮ ಪರಿಚಯದ ಒಬ್ಬ ಅಕ್ಕನ ಕೊಟ್ಟಿಗೆಯಲ್ಲಿ. ಅದರ ಮೇಲೆ ಒಂದು ಬುಟ್ಟಿ, ಬುಟ್ಟಿಯಲ್ಲಿ ಕಾವಿಗೆ ಕುಳಿತ ಕೋಳಿ. ಮರಿಯಾಗುವವರೆಗೆ ಕಾದು, ಮತ್ತೆ ನಾನೂ ನನ್ನ ಸಹಪಾಠಿಯೂ ಸೇರಿ ಏದುಸಿರು ಬಿಡುತ್ತ ಎತ್ತಿ ಮಾವನ ರಿಕ್ಷಾದಲ್ಲೇ ತಂದೆವು. ಕಡಲ ಗಾಳಿಗೆ ಹಿಂದಿನ ಸ್ಕ್ರೂಗಳೆಲ್ಲ ತುಕ್ಕು. ರಿಪೇರಿಯವರು ಬೆಸುಗೆ ಬಿಟ್ಟಿದ್ದ ಎರಡು ಕಡೆ ಮತ್ತೆ ಹಾಕಿಕೊಟ್ಟು, ಇಂಥ ಕೆಲಸ ಬಾರದೆ ವರ್ಷಗಳೇ ಆದವೆಂದು ಹಣವನ್ನೂ ಅರ್ಧವೇ ತೆಗೆದುಕೊಂಡರು.

ಆ ಸಂಜೆ ಮಾವ ಹೊಂಡ ಹಾರಿದರು. ನಾನು ಎಣಿಸಿದ ಚಿತ್ರಗಳ ಲೆಕ್ಕವನ್ನು ಆಮೇಲೆ ಕಾಗದದಲ್ಲಿ ಬರೆದು ತೋರಿಸಿದೆ. ಅವರು ಅದನ್ನು ಅಷ್ಟಾಗಿ ನೋಡಲಿಲ್ಲ. ಎರಡನೆಯ ಹಂತ, ಮೂರನೆಯ ಹಂತ ದಾಟಿ, ಹಿಡಿಕೆ ನನ್ನ ಕೈಗೆ ಕೊಟ್ಟು, “ಕೈ ಸರಿ ಇತ್ತ್ ಕಾಣ್” ಎಂದರು. ಪ್ಲಾಸ್ಟಿಕ್ ಬಂದೂಕು ಕೂಡ ಕೆಲಸ ಮಾಡಿತು. ಹೊಸ ಟಿ.ವಿ.ಯಲ್ಲಿ ಅದು ಎಂದೆಂದಿಗೂ ಮಾಡದು. ಯಾಕೆಂದರೆ ಬಂದೂಕಿನಿಂದ ಗುಂಡು ಹೊರಡುವುದಿಲ್ಲ, ಒಳಗೆ ಬೆಳಕು ಬರುವುದು. ಕುದುರೆ ಎಳೆದೊಡನೆ ಪರದೆ ಒಂದು ಕ್ಷಣ ಕಪ್ಪಾಗಿ, ಹಕ್ಕಿ ಇದ್ದಲ್ಲಿ ಒಂದು ಬಿಳಿ ಚೌಕ ಮಿಂಚುತ್ತದೆ. ಆ ಗಳಿಗೆಗೆ ಸರಿಯಾಗಿ ಬಂದೂಕಿನ ಕಣ್ಣಿಗೆ ಬೆಳಕು ಬಿದ್ದರೆ ಹಕ್ಕಿ ಬಿತ್ತು. ಹತ್ತನೆಯ ಒಂದು ಸೆಕೆಂಡು ತಡವಾಗಿ ಬಂದ ಬೆಳಕಿಗೆ ಯಾವ ಹಕ್ಕಿಯೂ ಬೀಳುವುದಿಲ್ಲ. ಅಜ್ಜಿಯೂ ಎರಡು ಬಾತುಕೋಳಿ ಹೊಡೆದಳು.

ಈಗ ನನ್ನ ಸಲಹೆ. ಕೊಳವೆಯ ಟಿ.ವಿ.ಯನ್ನು ಗುಜರಿಗೆ ಹಾಕುವ ಮುನ್ನ, ಆ ಮನೆಯಲ್ಲಿ ಅದನ್ನೇ ನಂಬಿಕೊಂಡ ಬೇರೆ ವಸ್ತು ಏನಿದೆಯೆಂದು ಒಮ್ಮೆ ನೋಡಬೇಕು. ಅದರ ಗಾಜಿನಲ್ಲಿ ಸೀಸವಿದೆ. ಒಡೆದು ತೋಡಿಗೆ ಎಸೆಯುವುದಂತೂ ಅಪರಾಧವೇ ಸರಿ. ಆದರೆ ಮನೆಮನೆಯಲ್ಲೂ ಇಟ್ಟುಕೊಳ್ಳಿರೆಂದು ಹೇಳುವುದು ಅವಿವೇಕ, ಜಾಗವೆಲ್ಲಿದೆ? ನಮ್ಮಂಥ ಸರಕಾರಿ ಕಾಲೇಜುಗಳಲ್ಲಿ ಗ್ರಂಥಾಲಯದ ಪಕ್ಕ ಒಂದು ಕೋಣೆ ಇರಲಿ. ಅದರಲ್ಲಿ ಒಂದು ಕೊಳವೆಯ ಟಿ.ವಿ., ಒಂದು ವಿ.ಸಿ.ಆರ್., ಒಂದು ಒಳ್ಳೆಯ ಸ್ಕೇಲರ್ ಇರಲಿ. 750 ಡಾಲರಿನದೇ ಆಗಬೇಕಾಗಿಲ್ಲ. ಕ್ಯಾಸೆಟ್ಟುಗಳ ಮಾತು ಬಂದಾಗ ಒಂದನ್ನು ಒಪ್ಪಿಕೊಳ್ಳಬೇಕು: ನಾನು ಬೈದ ಆ ಅಗ್ಗದ ಪೆಟ್ಟಿಗೆ ಅಲ್ಲಿ ಅಷ್ಟು ಕೆಟ್ಟದ್ದಲ್ಲ. ವಿಡಿಯೋ ಕ್ಯಾಸೆಟ್ಟಿನ ಚಿತ್ರ ನಿಜವಾಗಿಯೂ ಎರಡು ಅರ್ಧಗಳದೇ. ಹೆಣೆಯುವುದು ಅಲ್ಲಿ ಸರಿಯಾದ ಕೆಲಸ, ವಿಳಂಬದಿಂದ ಕೆಡುವಂಥದೂ ಏನಿಲ್ಲ. ನಮ್ಮ ಊರಿನ ಕಪಾಟುಗಳಲ್ಲಿ ಮದುವೆಯ, ಹರಕೆ ಬಯಲಾಟದ ಕ್ಯಾಸೆಟ್ಟುಗಳು ಬೂಸಲು ಹಿಡಿಯುತ್ತಿವೆ. ವಿ.ಸಿ.ಆರ್. ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪೆನಿ 2016ರಲ್ಲಿ ಅದನ್ನು ನಿಲ್ಲಿಸಿತು. ಇರುವ ಯಂತ್ರಗಳು ಸತ್ತರೆ ಆ ಕ್ಯಾಸೆಟ್ಟುಗಳೂ ಸತ್ತಂತೆ. ಅದರಲ್ಲಿ ಯಾರ ಅಜ್ಜ ಭಾಗವತಿಕೆ ಮಾಡಿದ್ದಾನೋ, ಯಾರ ತಾಯಿ ಮದುಮಗಳಾಗಿ ಕುಳಿತಿದ್ದಾಳೋ. ಈ ಕೋಣೆಯ ಮಾತನ್ನು ಪ್ರಾಂಶುಪಾಲರ ಮುಂದೆ ಅರ್ಜಿಯಾಗಿ ಇಟ್ಟಿದ್ದೇನೆ. ನಾನು ಈ ವರ್ಷ ಹೊರಬೀಳುವವನು. ಹಿಂದೆ ಬರುವ ತಮ್ಮಂದಿರೂ ತಂಗಿಯರೂ ಅದನ್ನು ಮರೆಯದಿದ್ದರೆ ಸಾಕು.

ಮಾವ ಮತ್ತೆ ರಾತ್ರಿಯ ಬಾಡಿಗೆಗೆ ಹೋಗುತ್ತಿದ್ದಾರೆ. ಟಿ.ವಿ. ಕೊಟ್ಟ ಅಕ್ಕ ಮೊನ್ನೆ ದಾರಿಯಲ್ಲಿ ಸಿಕ್ಕಿ, ಕೋಳಿ ಕೂರ್ಸುಕೆ ಬೇರೆ ಎಂತಾದರೂ ಕೊಡಿ, ಅದು ನೆಲಕ್ಕೆ ಕೂರುವುದಿಲ್ಲ ಎಂದರು. ಎಲ್.ಇ.ಡಿ. ಟಿ.ವಿ. ಬಂದ ದಪ್ಪ ರಟ್ಟಿನ ಪೆಟ್ಟಿಗೆ ಅಟ್ಟದ ಮೇಲಿತ್ತು. ಮಾವ ಅದನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋಗಿ ಕೊಟ್ಟು ಬಂದರು.